ಹಿರಿಸೊಸೆ ಓಡಲು ಹೋಗಿದ್ದಾಳೆ

ಯಶೋಧರಾ ಮೊದಲ ಸಲ ಓಡಿದ್ದು ಆರೋಗ್ಯಕ್ಕಾಗಿ ಅಲ್ಲ, ಗಾಡಿ ಹಿಡಿಯುವುದಕ್ಕೆ. ಮನೆ ವಾಡಿಯಲ್ಲಿ, ನೌಕರಿ ಸೇಡಂ ಆಸ್ಪತ್ರೆಯ ಲ್ಯಾಬಿನಲ್ಲಿ. ನಡುವೆ ಚಿತ್ತಾಪುರ, ಮಳಖೇಡ ದಾಟಿ ಹೋಗುವ ಬೆಳಗಿನ ಪ್ಯಾಸೆಂಜರು. ಅದು ತಪ್ಪಿತೋ, ಲ್ಯಾಬಿನ ಮುಂದೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರೆಲ್ಲ ಸಾಲಾಗಿ ಕೂತು ಅವಳ ಹೆಸರಿಗೆ ಶಾಪ ಹಾಕುತ್ತಿರುತ್ತಾರೆ. ಹೆಗಲಿಗೆ ಬ್ಯಾಗು, ಕೈಯಲ್ಲಿ ಬುತ್ತಿ, ಕಾಲಲ್ಲಿ ಚಪ್ಪಲಿ. ಹದಿನಾರು ವರ್ಷ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಹೀಗೆ ಓಡಿದವಳನ್ನು ಒಬ್ಬರಾದರೂ ತಿರುಗಿ ನೋಡಿದ್ದರೆ ಕೇಳಿ. ಬೂಟು ಹಾಕಿಕೊಂಡು ರಸ್ತೆಗಿಳಿದ ದಿನವೇ ಊರಿಗೆ ಊರೇ ಕಣ್ಣರಳಿಸಿತು.

ಬೂಟು ಬಂದದ್ದು ಮೂರು ವರ್ಷದ ಹಿಂದೆ, ಅವಳಿಗೆ ನಲವತ್ತು ತುಂಬಿದಾಗ. ಲ್ಯಾಬಿನಲ್ಲಿ ಅವತ್ತು ಮಂದಿ ಕಡಿಮೆ. ನರ್ಸು ಮಾಸುಮಬಿ ಬಂದು ಕೂತವಳು, 'ಮಂದಿ ರಕ್ತ ನೋಡೇ ನೋಡ್ತಿ, ನಿಂದೂ ಜರಾ ನೋಡ್ಕೋ' ಎಂದು ತಾನೇ ಸೂಜಿ ಹಾಕಿ ರಕ್ತ ತೆಗೆದಳು. ಯಶೋಧರಾ ತನ್ನ ಹೆಸರನ್ನು ತಾನೇ ಬರೆದು, ತಾನೇ ಪರೀಕ್ಷೆ ಮಾಡಿ, ತಾನೇ ರಿಪೋರ್ಟಿಗೆ ಸಹಿ ಹಾಕಿದಳು. ಸಕ್ಕರೆ ಅಂಚಿಗೆ ಬಂದು ನಿಂತಿತ್ತು. ಡಾಕ್ಟರು ದಿನಾ ನಡೆಯಲು ಹೇಳಿದರು. ನಡೆದಳು, ಆದರೆ ನಡಿಗೆ ಅವಳಿಗೆ ಸೇರಲಿಲ್ಲ. ನಡೆಯುವಾಗ ಮನೆಯ ಕೆಲಸಗಳೆಲ್ಲ ಪಕ್ಕದಲ್ಲೇ ನಡೆದು ಬರುತ್ತಿದ್ದವು. ಒಂದು ದಿನ ಬೇಸತ್ತು ಓಡಿದಳು, ಅವೆಲ್ಲ ಹಿಂದೆ ಬಿದ್ದವು. ಅದರ ರುಚಿ ಹತ್ತಿದ ಮೇಲೆ ಬಿಡಲಾಗಲಿಲ್ಲ.

ಬೆಳಿಗ್ಗೆ ಐದಕ್ಕೆ ರೈಲ್ವೆ ಕ್ವಾರ್ಟರ್ಸ್ ದಾಟಿ ನಾಲವಾರದ ರಸ್ತೆ ಹಿಡಿಯುತ್ತಾಳೆ. ಮೈಮೇಲೆ ಗಂಡನ ಹಳೇ ಅಂಗಿ, ಟ್ರ್ಯಾಕ್ ಪ್ಯಾಂಟು. ಮೊದಮೊದಲು ಬೈಕಿನವರು ಪಕ್ಕಕ್ಕೆ ಬಂದು ನಿಲ್ಲಿಸಿ, 'ಕುಂದರ್ರಿ ಮೇಡಂ, ಎಲ್ಲಿತನಕ ಬಿಡ್ಲಿ?' ಎಂದು ಕೇಳುತ್ತಿದ್ದರು. ಪಾಪ, ಅವರ ತಪ್ಪೇನೂ ಇಲ್ಲ. ನಮ್ಮ ಕಡೆ ಹೆಣ್ಣುಮಗಳು ನಸುಕಿನಲ್ಲಿ ಓಡುತ್ತಿದ್ದಾಳೆಂದರೆ ಯಾರದೋ ಜೀವಕ್ಕೆ ಕುತ್ತು ಬಂದಿದೆ ಎಂದೇ ಅರ್ಥ. ಸ್ಟೇಷನ್ ಹತ್ತಿರದ ಚಹಾದಂಗಡಿಯ ಚಾಂದ್‌ ಅಂತೂ ಒಂದು ವಾರ ತಡೆದುಕೊಂಡು ಕೊನೆಗೆ ಕೇಳಿಯೇ ಬಿಟ್ಟ: 'ಮೇಡಂ, ಯಾರ ಬೆನ್ನ ಹತ್ಯಾರ್ರಿ?' ಯಾರೂ ಇಲ್ಲ ಅಂದಳು. 'ಹಂಗಾದ್ರ ನಿಧಾನಕ ಹೋಗ್ರಲ್ಲ' ಅಂದ ಅವನು.

ಮನೆಯಲ್ಲಿ ಮೂರೇ ಮಂದಿ. ಗಂಡ ಸುರೇಶಕುಮಾರ ಚಿತ್ತಾಪುರದ ತಹಶೀಲ್ದಾರ್ ಕಚೇರಿಯಲ್ಲಿ ಗುಮಾಸ್ತ. ಅತ್ತೆ ಮಾಣಿಕಮ್ಮ. ಮಗಳು ಬೀದರಿನಲ್ಲಿ ನರ್ಸಿಂಗ್ ಓದುತ್ತಾಳೆ. ಮನೆ ಸಣ್ಣದು, ಬಳಗ ಮಾತ್ರ ನಾಲ್ಕೂರಿಗೆ ಚೆಲ್ಲಿದೆ. ಶಹಾಬಾದಿನಲ್ಲಿ ಮೈದುನ, ಚಿಂಚೋಳಿಯಲ್ಲಿ ನಾದಿನಿ, ನಾಲವಾರದಲ್ಲಿ ಅತ್ತೆಯ ತಂಗಿ, ಮಳಖೇಡದಲ್ಲಿ ಇವಳ ತವರು. ತಿಂಗಳಿಗೆ ಎರಡು ಕಾರ್ಯವಾದರೂ ಕಾಯಂ. ತೊಟ್ಟಿಲು, ಕುಬಸ, ಗೃಹಪ್ರವೇಶ, ಲಗ್ನ, ಯಾರದೋ ಪ್ರಮೋಶನ್ನಿನ ಊಟ. ಎಲ್ಲದಕ್ಕೂ ಯಶೋಧರಾ ಬೇಕು, ಯಾಕೆಂದರೆ ಅವಳು ಹಿರಿಸೊಸೆ. ಬೇಡವೆಂದವಳೂ ಅಲ್ಲ. ಅವಳಿಗೆ ಮಂದಿ ಬೇಕು, ಗದ್ದಲ ಬೇಕು, ಹುಗ್ಗಿಯ ಕೊಪ್ಪರಿಗೆ ಮುಂದೆ ಸೆರಗು ಸಿಕ್ಕಿಸಿ ನಿಲ್ಲುವುದು ಬೇಕು. ಕಾರ್ಯದ ಬ್ಯಾಗಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಬೂಟು ಇಟ್ಟುಕೊಂಡೇ ಹೋಗುತ್ತಿದ್ದಳು. ಎಲ್ಲರೂ ಏಳುವುದರೊಳಗೆ ಓಡಿ ಬಂದು, ಸ್ನಾನ ಮಾಡಿ, ತಿಂಡಿಯ ಸುಸಲಾಕ್ಕೆ ಚುರುಮುರಿ ತೋಯಿಸಿಟ್ಟಿರುತ್ತಿದ್ದಳು. ಮಳಖೇಡದ ಕೋಟೆಯ ಸುತ್ತ ಓಡಿದ್ದಾಳೆ, ಕಾಗಿಣಾದ ಸೇತುವೆ ಮೇಲೆ ಓಡಿದ್ದಾಳೆ, ಚಿಂಚೋಳಿಯ ಏರಿನಲ್ಲಿ ಉಸಿರು ಕಟ್ಟಿ ಕೂತೂ ಇದ್ದಾಳೆ. ಐದು ಊರಿನ ನಾಯಿಗಳೂ ಈಗ ಅವಳಿಗೆ ಬೊಗಳುವುದನ್ನು ಬಿಟ್ಟಿವೆ.

ಇಷ್ಟೆಲ್ಲ ಇದ್ದೂ ಒಂದು ಆಸೆ ಮಾತ್ರ ಹಾಗೇ ಉಳಿದಿತ್ತು. ಕಲಬುರಗಿಯಲ್ಲಿ ವರ್ಷಕ್ಕೊಮ್ಮೆ, ಜನವರಿಯ ಮೂರನೇ ಭಾನುವಾರ ಇಪ್ಪತ್ತೊಂದು ಕಿಲೋಮೀಟರ್ ಓಟ ಇಡುತ್ತಾರೆ. ಎದೆಗೆ ನಂಬರು ಹಚ್ಚಿಕೊಂಡು ಸಾವಿರ ಮಂದಿಯ ನಡುವೆ ಅದನ್ನೊಮ್ಮೆ ಮುಗಿಸಬೇಕು. ಮೊದಲ ವರ್ಷ ಹೆಸರು ಕೊಟ್ಟಳು, ಅದೇ ದಿನ ನಾಲವಾರದಲ್ಲಿ ತೊಟ್ಟಿಲು ಬಂತು. ಎರಡನೇ ವರ್ಷ ಹೆಸರು ಕೊಟ್ಟಳು, ಅದೇ ದಿನ ಚಿಂಚೋಳಿಯಲ್ಲಿ ಗೃಹಪ್ರವೇಶ. ಎರಡೂ ಸಲ ನಗುನಗುತ್ತಲೇ ಹೋಳಿಗೆ ಬಡಿಸಿದಳು. ನಗು ನಿಜವಾದದ್ದೇ. ಆದರೆ ಕೂಸಿಗೆ ಹೆಸರಿಡುವಾಗ ಗಡಿಯಾರ ನೋಡಿ, ಈಗ ಅವರು ಎಷ್ಟನೇ ಕಿಲೋಮೀಟರಿನಲ್ಲಿ ಇರಬಹುದು ಎಂದು ಎಣಿಸಿದ್ದೂ ನಿಜ. ಈ ವರ್ಷ ಮೂರನೇ ಸಲ ಹೆಸರು ಕೊಟ್ಟಿದ್ದಳು. ಈ ಸಲ ಆಗದಿದ್ದರೆ ಮತ್ತೆ ಆಗುವುದಿಲ್ಲ ಎಂದು ಅವಳ ಮನಸ್ಸಿಗೆ ಅನ್ನಿಸಿಬಿಟ್ಟಿತ್ತು.

ಈಗ ಈ ಮನೆಯ ಒಂದು ಪದ್ಧತಿ ಹೇಳಬೇಕು. ಇವರು ಬೌದ್ಧರು, ಮುಹೂರ್ತ ನೋಡುವುದಿಲ್ಲ. ಯಶೋಧರಾಳ ಮಾವ ದೀಕ್ಷೆ ತಗೊಂಡ ವರ್ಷವೇ ಪಂಚಾಂಗವನ್ನು ಒಯ್ದು ಕಾಗಿಣಾದಲ್ಲಿ ಬಿಟ್ಟುಬಂದಿದ್ದರು. ಆದರೆ ದಿನ ಎಂಬುದೊಂದು ಗೊತ್ತಾಗಬೇಕಲ್ಲ. ಅದಕ್ಕೆ ಅವರೇ ದಾರಿ ಹುಡುಕಿದರು. ಗೋಡೆಯ ಕ್ಯಾಲೆಂಡರನ್ನು ಇಳಿಸಿ ನಡುಮನೆಯಲ್ಲಿ ಹಾಸುವುದು, ಪಕ್ಕದಲ್ಲಿ ಒಂದು ಬಟ್ಟಲು ತೊಗರಿ ಕಾಳು ಇಡುವುದು. ಯಾರಿಗೆ ಯಾವ ದಿನ ಆಗುವುದಿಲ್ಲವೋ ಅವರು ಆ ದಿನದ ಮನೆಯ ಮೇಲೆ ಒಂದು ಕಾಳು ಇಡಬೇಕು. ಕಾಳಿಲ್ಲದೆ ಉಳಿದ ದಿನವೇ ಕಾರ್ಯದ ದಿನ. ಬಳಗದಲ್ಲಿ ಅರ್ಧ ಮಂದಿಗೆ ಓದಲು ಬರುತ್ತಿರಲಿಲ್ಲ, ಕಾಳಿಡಲು ಎಲ್ಲರಿಗೂ ಬರುತ್ತಿತ್ತು. ಮಾವ ತೀರಿಕೊಂಡು ಹನ್ನೊಂದು ವರ್ಷವಾದರೂ ಪದ್ಧತಿ ನಿಂತಿಲ್ಲ. ಈಗ ಬಟ್ಟಲು ಮಾಣಿಕಮ್ಮನ ಕೈಯಲ್ಲಿದೆ.

ನವೆಂಬರಿನಲ್ಲಿ ಶಹಾಬಾದಿನ ಮೈದುನ ಅಮರನಾಥನ ಮಗಳು ಲುಂಬಿನಿಗೆ ಗಂಡು ಗೊತ್ತಾಯಿತು. ಹುಡುಗ ಸಂಘಪಾಲ, ಸುಲೇಪೇಟೆಯವನು, ಬ್ಯಾಂಕಿನಲ್ಲಿ ಕೆಲಸ. ನಿಶ್ಚಿತಾರ್ಥಕ್ಕೆ ದಿನ ಹಿಡಿಯಲು ಬಳಗವೆಲ್ಲ ಅಮರನಾಥನ ಮನೆಯಲ್ಲಿ ಕೂಡಿತು. ಲುಂಬಿನಿ ಚಹಾ ತಂದುಕೊಟ್ಟು ಒಳಗೆ ಹೋದಳು. ಜನವರಿಯ ಹಾಳೆ ಹಾಸಿದರು. ಅಮರನಾಥನದು ಫರ್ಶಿ ಕಲ್ಲಿನ ಪಾಲಿಶ್ ವ್ಯವಹಾರ, ಹೈದರಾಬಾದಿಗೆ ಲೋಡು ಹೋಗುವ ದಿನ ಎಂದು ಎರಡು ಕಾಳು ಇಟ್ಟ. ಅವನ ಹೆಂಡತಿಗೆ ಅಂಗನವಾಡಿಯ ತರಬೇತಿ, ಮೂರು ಕಾಳು. ಚಿಂಚೋಳಿಯ ನಾದಿನಿಗೆ ತೊಗರಿ ರಾಶಿ, ಒಂದು ವಾರ ಪೂರ್ತಿ ಕಾಳು. ಬೀಗರಿಗೆ ಫೋನು ಹಚ್ಚಿ ಕೇಳಿ ಅವರ ಪರವಾಗಿ ನಾಲ್ಕು. ಕಾರ್ಯ ನಡೆಸಿಕೊಡುವ ಬೌದ್ಧ ಭಿಕ್ಷು ಭಂತೇಜಿಯವರು ಊರಲ್ಲಿ ಇಲ್ಲದ ದಿನಗಳಿಗೆ ಐದು. ಸುರೇಶಕುಮಾರ ಮೊಬೈಲಿನಿಂದ ಕತ್ತೆತ್ತಿ, 'ನಂದು ಯಾವ್ದಾದ್ರೂ ನಡೀತದ' ಅಂದ.

'ಯಶೋಧಾ, ನಿಂದು?' ಎಂದರು ಮಾಣಿಕಮ್ಮ.

ಅವಳ ಬೆರಳಲ್ಲಿ ಕಾಳಿತ್ತು. ಮೂರನೇ ಭಾನುವಾರದ ಮನೆ ಇನ್ನೂ ಖಾಲಿ ಇತ್ತು. ಇಡಬೇಕೆಂದು ಕೈ ಮುಂದೆ ಬಂತು, ಅಷ್ಟರಲ್ಲಿ ಉಳಿದ ಕಾಳುಗಳ ಮೇಲೆ ಕಣ್ಣು ಹೋಯಿತು. ಅದು ಲೋಡು, ಇದು ರಾಶಿ, ಅದು ತರಬೇತಿ. ಯಾಕವ್ವಾ ಈ ದಿನ ಬೇಡ ಎಂದು ಯಾರಾದರೂ ಕೇಳಿದರೆ ಓಡುವುದಿದೆ ಎಂದು ಯಾವ ಬಾಯಿಂದ ಹೇಳುವುದು? ನಲವತ್ತಮೂರರ ಹೆಂಗಸು, ಹಿರಿಸೊಸೆ, ಓಟಕ್ಕೊಂದು ಕಾಳು. 'ನಂದೇನಿಲ್ಲತ್ತಿ' ಅಂದುಬಿಟ್ಟಳು. ಕಾಳನ್ನು ಬಟ್ಟಲಿಗೆ ಹಾಕಿದರೆ ಯಾರಾದರೂ ನೋಡುತ್ತಾರೆಂದು ಬಾಯಿಗೆ ಹಾಕಿಕೊಂಡು ಕಟಕಟನೆ ಅಗಿದಳು. ಭಾನುವಾರಗಳಲ್ಲಿ ಅದೊಂದೇ ಖಾಲಿ ಉಳಿದಿತ್ತು. ಎಲ್ಲರೂ ಅದನ್ನೇ ಹಿಡಿದರು.

ಮಾಣಿಕಮ್ಮ ಆ ರಾತ್ರಿ ಶಹಾಬಾದಿನಲ್ಲೇ ಉಳಿದರು. ಮನೆಗೆ ಬರುವಾಗ ಗಾಡಿಯಲ್ಲಿ ಸುರೇಶಕುಮಾರನಿಗೆ ನೆನಪಾಯಿತು. 'ಅವತ್ತೇ ಅಲ್ಲೇನ ನಿನ್ನ ಓಟ? ನೀ ಹೇಳ್ತಿ ಅಂತ ಮಾಡಿದ್ದೆ.'

'ನೀವು ಹೇಳ್ತೀರಿ ಅಂತ ನಾ ಮಾಡಿದ್ದೆ' ಅಂದಳು.

ಹೀಗೆ ಗಂಡಹೆಂಡಿರು ಒಬ್ಬರ ಬಾಯಿ ಒಬ್ಬರು ನೋಡುತ್ತ ಕೂತು ಒಂದು ಭಾನುವಾರ ಕೈತಪ್ಪಿತು. ಓಟ ಬೆಳಗಿನ ಆರಕ್ಕೆ, ಕಾರ್ಯ ಹತ್ತೂವರೆಗೆ, ಶಹಾಬಾದು ಕಲಬುರಗಿಯಿಂದ ಬೈಕಿನಲ್ಲಿ ಮುಕ್ಕಾಲು ಗಂಟೆ. ಲೆಕ್ಕಕ್ಕೆ ಕೂಡುತ್ತದೆ. ಆದರೆ ಒಂಬತ್ತೂವರೆಗೆ ಬೀಗರು ಬಂದಾಗ ಬಾಗಿಲಲ್ಲಿ ನೀರು ಕೊಟ್ಟು ಒಳಗೆ ಕರೆಯಬೇಕಾದವಳು ಹಿರಿಸೊಸೆ. ಭಂತೇಜಿಯವರು ಹನ್ನೆರಡರ ಮೇಲೆ ಊಟ ಮಾಡುವುದಿಲ್ಲ, ಅಷ್ಟರೊಳಗೆ ಅವರ ಅಡುಗೆ ಸಿದ್ಧವಿರಬೇಕು, ಅದೂ ಅವಳದೇ. ಅವಳು ಕಲಬುರಗಿಯ ಆಸೆಯನ್ನು ಪಕ್ಕಕ್ಕೆ ಇಟ್ಟಳು. ಬೆಳಗಿನ ಓಟವನ್ನು ಮಾತ್ರ ಬಿಡಲಿಲ್ಲ, ಯಾಕೆ ಬಿಡಲಿಲ್ಲ ಎಂದು ತನ್ನನ್ನು ತಾನೇ ಕೇಳಿಕೊಳ್ಳಲೂ ಇಲ್ಲ.

ಜನವರಿಯ ಮೊದಲ ವಾರ ಬೀಗರಿಗೆ ಕಾರ್ಡು ಕೊಡಲು ಮಾಣಿಕಮ್ಮ, ಯಶೋಧರಾ, ಸುರೇಶಕುಮಾರ ಸುಲೇಪೇಟೆಗೆ ಹೋದರು. ಮೊದಲು ಚಿಂಚೋಳಿಗೆ ಹೋದರೆ ನಾದಿನಿ ಊಟಕ್ಕೆ ಹಿಡಿದು ಕೂರಿಸಿದಳು, ಹೊತ್ತಾಯಿತು, ಬೀಗರ ಮನೆಯಲ್ಲೇ ಉಳಿದರು. ಬೆಳಿಗ್ಗೆ ಯಶೋಧರಾ ತೊಗರಿ ಹೊಲಗಳ ನಡುವಿನ ರಸ್ತೆಯಲ್ಲಿ ಹದಿನಾಲ್ಕು ಕಿಲೋಮೀಟರ್ ಓಡಿ ಬಂದಾಗ ಹುಡುಗನ ತಾಯಿ ಸುಂದರಬಾಯಿ ಅಂಗಳದಲ್ಲಿ ನಿಂತಿದ್ದಳು. ಬೀಗತಿ ಏನೆನ್ನುತ್ತಾಳೋ ಎಂದು ಯಶೋಧರಾ ಅಂಗಿ ಎಳೆದು ಸರಿಮಾಡಿಕೊಂಡಳು.

'ನಮ್ಮೂರ ಬಸ್ಸಿನಕಿಂತ ನೀವೇ ಛಲೋ ಓಡ್ತೀರಿ' ಅಂದಳು ಸುಂದರಬಾಯಿ, ನೀರಿನ ತಂಬಿಗೆ ಕೊಡುತ್ತ. 'ಇಷ್ಟ್ ಓಡ್ತೀರಿ, ಎಲ್ಲಿ ಪಂದ್ಯ ಗಿಂದ್ಯಕ್ಕ ಹೋಗಂಗಿಲ್ಲೇನ್ರಿ?'

'ಅದರ್ರಿ, ಕಲಬುರಗ್ಯಾಗ. ಇಪ್ಪತ್ತೊಂದು ಕಿಲೋಮೀಟರು.'

'ಯಾವಾಗ?'

ಹೊರಗಿನವರ ಮುಂದೆ ಮಾತು ಸಲೀಸಾಗಿ ಬಂದುಬಿಡುತ್ತದೆ, ನೋಡಿ. ಮನೆಯಲ್ಲಿ ಎರಡು ತಿಂಗಳು ಬಾಯಿ ಬಿಡದವಳು ಅಂಗಳದಲ್ಲಿ ನಿಂತು, 'ನಮ್ಮ ಕಾರ್ಯದ ದಿನಾನೇ ಅದರಿ, ಈ ವರ್ಷ ಬಿಟ್ಟೀನಿ' ಅಂದಳು. ಅಂದು ತಿರುಗಿದರೆ ಬಾಗಿಲಲ್ಲಿ ಮಾಣಿಕಮ್ಮ, ಹಲ್ಲುಜ್ಜುವ ಪುಡಿ ಅಂಗೈಯಲ್ಲಿ ಹಿಡಿದುಕೊಂಡು ನಿಂತಿದ್ದಾರೆ.

ತಿಂಡಿ ತಿಂದರು. ಬೀಗರಿಗೆ ಕೈ ಮುಗಿದು ಸೇಡಂ ಬಸ್ಸು ಹತ್ತಿದರು. ಸುರೇಶಕುಮಾರ ಹಿಂದಿನ ಸೀಟಿನಲ್ಲಿ ಕೂತು, ಬರುವ ಗಾಳಿಯನ್ನು ಮೊದಲೇ ಕಂಡವನಂತೆ ನಿದ್ದೆ ಹೋದ. ಮಾಣಿಕಮ್ಮನಿಗೆ ಎಪ್ಪತ್ತೆರಡು. ಪ್ರಾಯದಲ್ಲಿ ಶಹಾಬಾದಿನ ಫರ್ಶಿ ಖಣಿಯಲ್ಲಿ ತಲೆಯ ಮೇಲೆ ಕಲ್ಲು ಹೊತ್ತ ಹೆಂಗಸು, ಈಗಲೂ ನೆಟ್ಟಗೆ ಕೂರುತ್ತಾರೆ. ಸೊಸೆಯ ಓಟದ ಬಗ್ಗೆ ಮೂರು ವರ್ಷದಲ್ಲಿ ಅವರು ಆಡಿದ್ದು ಒಂದೇ ಮಾತು: ಹೋಗುವಾಗ ಬಾಗಿಲು ಮುಂದೆ ಮಾಡಿಕೊಂಡು ಹೋಗು. ಅದರಿಂದ ಅವರಿಗೆ ಇಷ್ಟವಿಲ್ಲ ಎಂದೇ ಯಶೋಧರಾ ತಿಳಿದಿದ್ದಳು.

ಊರು ದಾಟಿದ ಮೇಲೆ ಅತ್ತೆ ಬಾಯಿ ಬಿಟ್ಟರು. 'ಅವತ್ತ ಕಾಳ ನಿನ್ನ ಕೈಯಾಗ ಇತ್ತೋ ಇಲ್ಲೋ?'

'ಇತ್ತತ್ತಿ.'

'ಎಲ್ಲಿ ಹೋತು?'

'ತಿಂದೆ.'

ಮಾಣಿಕಮ್ಮ ಕಿಟಕಿಯ ಕಡೆ ತಿರುಗಿದರು. ನಗು ತಡೆದುಕೊಂಡರೋ, ಸಿಟ್ಟು ತಡೆದುಕೊಂಡರೋ ತಿಳಿಯಲಿಲ್ಲ. ಮತ್ತೆ ಇತ್ತ ತಿರುಗಿದಾಗ ಸಿಟ್ಟೇ ಇತ್ತು. 'ಯಾಕ ಇಡಲಿಲ್ಲ?'

'ಹೆಂಗ ಇಡ್ಲತ್ತಿ? ಅವರೆಲ್ಲರದೂ ಕೆಲಸ. ಲೋಡ ಅದ, ರಾಶಿ ಅದ. ನಂದು ಬರೇ ಖುಷಿ.'

'ಖುಷೀಗಿ ಕಾಳ ಇಡಬಾರದಂತ ಯಾರ ಹೇಳ್ಯಾರ ನಿನಗ?'

ಇಡಬಾರದೆಂದು ಯಾರೂ ಹೇಳಿರಲಿಲ್ಲ.

'ನನ್ನ ಲಗ್ನಾಗ ನನ್ನ ಯಾರೂ ಕೇಳಿಲ್ಲ' ಅಂದರು ಮಾಣಿಕಮ್ಮ. 'ಖಣಿಯಾಗ ಕಲ್ಲ ಹೊತ್ತು ಮನಿಗಿ ಬಂದ್ರ ಹಸರ ಬಳಿ ತಂದಿಟ್ಟಿದ್ರು. ನಾಳಿಗಿ ಲಗ್ನ ಅಂದ್ರು. ಯಾವನೋ ಗಳಿಗಿ ನೋಡಿ ಹೇಳಿದ್ದ. ನಿಮ್ಮ ಮಾವ ಮುಂದ ಅದೆಲ್ಲಾ ಬಿಟ್ರು. ಗಳಿಗಿ ನೋಡೋದು ಬ್ಯಾಡ, ಮಂದೀನ ಕೇಳಬೇಕು ಅಂದ್ರು. ಅದಕ್ಕೇ ಬಟ್ಟಲಾ ಹಿಡ್ಕೊಂಡು ನಾ ಒಬ್ಬೊಬ್ಬರನ್ನೂ ಕೇಳ್ತೀನಿ. ನೀ ಮನಸಿನ್ಯಾಗ ಒಂದ ಇಟ್ಕೊಂಡು ಬಾಯಾಗ ಇಲ್ಲ ಅಂದ್ರ ನಾ ಕೇಳಿದ್ದು ಸುಳ್ಳಾತಲ್ಲ. ನನಗ ಭಾಳ ಸಿಟ್ಟು ಬಂದದ ಯಶೋಧಾ. ಖರೇನೇ ಹೇಳ್ತೀನಿ.'

ಯಶೋಧರಾಳ ಕಣ್ಣು ತುಂಬಿತು. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಅತ್ತೆ ಬೈದದ್ದು ಉಂಟು, ಆದರೆ ನಿನ್ನ ಖುಷಿಯನ್ನು ನೀನು ಯಾಕೆ ಹೇಳಲಿಲ್ಲ ಎಂದು ಯಾರೂ ಅವಳನ್ನು ಬೈದಿರಲಿಲ್ಲ.

'ದಿನಾ ಬದಲಿ ಮಾಡಾಕ ಬರಂಗಿಲ್ಲ, ಕಾರ್ಡ ಹಂಚೀವಿ' ಅಂದರು ಮಾಣಿಕಮ್ಮ. 'ನೀ ಹೋಗಿ ಓಡು. ಬೀಗರ್ನ ನಾ ಕರ್ಕೋತೀನಿ. ಭಂತೇಜಿ ಅಡಗೀ ನಾ ನೋಡ್ತೀನಿ. ನಾನೂ ಒಂದ ಕಾಲಕ್ಕ ಹಿರಿಸೊಸೀನೇ ಇದ್ದೆ.'

'ಮಂದಿ ಏನಂತಾರತ್ತಿ?'

'ಎಲ್ಲಿ ಹೋಗ್ಯಾಳ ಅಂತಾರ. ಓಡಾಕ ಹೋಗ್ಯಾಳ ಅಂತೀನಿ. ಅದರಾಗ ಮುಚ್ಚಿಡೋದು ಏನದ?'

ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ ಸುರೇಶಕುಮಾರ, 'ನಾ ಬೈಕಿನ ಮ್ಯಾಲ ಕರ್ಕೊಂಡು ಹೋಗ್ತೀನಿ' ಅಂದ, ಕಣ್ಣು ಮುಚ್ಚಿಕೊಂಡೇ.

ಆ ಭಾನುವಾರ ನಸುಕಿನ ಚಳಿಯಲ್ಲಿ ಶಹಾಬಾದಿನಿಂದ ಹೊರಟು ಕಲಬುರಗಿಯ ಮೈದಾನ ಮುಟ್ಟಿದಾಗ ಅವಳ ಕೈ ಸೆಟೆದಿತ್ತು. ಸುರೇಶಕುಮಾರ ಎದೆಗೆ ನಂಬರು ಹಚ್ಚಲು ಹೋಗಿ ಪಿನ್ನನ್ನು ತನ್ನ ಬೆರಳಿಗೇ ಚುಚ್ಚಿಕೊಂಡ. ಅವಳು ಲ್ಯಾಬಿನವಳು, ರಕ್ತ ಒರೆಸಿ, 'ಒತ್ತಿ ಹಿಡ್ಕೋರಿ' ಎಂದು ಹೇಳಿ ಓಡಲು ನಿಂತಳು. ಮೊದಲ ಐದು ಕಿಲೋಮೀಟರು ಮಂದಿಯ ಗದ್ದಲದಲ್ಲಿ ಗೊತ್ತೇ ಆಗಲಿಲ್ಲ. ಹತ್ತನೇ ಕಿಲೋಮೀಟರಿಗೆ ಬಿಸಿಲು ಬಂತು. ಹದಿನೇಳರಲ್ಲಿ ತೊಡೆ ಹಿಡಿದುಕೊಂಡಿತು. ಬೀಗರು ಇಷ್ಟರಲ್ಲಿ ಸುಲೇಪೇಟೆ ಬಿಟ್ಟು ದಾರಿಯಲ್ಲಿರುತ್ತಾರೆ ಎಂದು ಒಮ್ಮೆ ಮನಸ್ಸು ಅತ್ತ ಎಳೆಯಿತು. ಎರಡು ವರ್ಷ ಕಾರ್ಯದಲ್ಲಿ ಕೂತು ಓಟವನ್ನು ನೆನೆದಿದ್ದಳು, ಈಗ ಓಟದಲ್ಲಿ ಕಾರ್ಯವನ್ನು ನೆನೆಯುವುದೇ? ಅತ್ತೆ ನೋಡಿಕೊಳ್ಳುತ್ತಾರೆ ಎಂದು ತನಗೆ ತಾನೇ ಗದರಿಕೊಂಡು, ಮನಸ್ಸನ್ನು ರಸ್ತೆಗೆ ತಂದಳು. ಉಳಿದ ನಾಲ್ಕು ಕಿಲೋಮೀಟರಿನಲ್ಲಿ ಅವಳು ಯಾರ ಸೊಸೆಯೂ ಆಗಿರಲಿಲ್ಲ. ಎರಡು ಗಂಟೆ ನಲವತ್ತೇಳು ನಿಮಿಷಕ್ಕೆ ಗೆರೆ ದಾಟಿದಳು. ಅಲ್ಲೇ ರಸ್ತೆಯ ಅಂಚಿಗೆ ಕೂತು ಮನಸಾರೆ ಅತ್ತಳು, ಅತ್ತದ್ದು ಪೂರ್ತಿ ಸಂತೋಷಕ್ಕೆ. ಸುರೇಶಕುಮಾರ ಅವಳ ಚಪ್ಪಲಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ, ಬಾಳೆಹಣ್ಣು ಸುಲಿದು ಕೊಟ್ಟ.

ಶಹಾಬಾದು ಮುಟ್ಟಿದಾಗ ಹತ್ತು ಹೊಡೆದಿತ್ತು. ಬೌದ್ಧರ ಕಾರ್ಯ, ಅಂಗಳದ ತುಂಬ ಬಿಳಿ ಸೀರೆ, ಬಿಳಿ ಅಂಗಿಯ ಮಂದಿ. ಅವಳೊಬ್ಬಳದು ಬೆವರಿ ಒಣಗಿದ ಕಿತ್ತಳೆ ಬಣ್ಣದ ಟೀ ಶರ್ಟು, ಕೊರಳಲ್ಲಿ ಪದಕ. ಹಿತ್ತಿಲ ಬಾಗಿಲಿಂದ ನುಸುಳೋಣವೆಂದು ಅತ್ತ ತಿರುಗಿದಳು.

'ಹಿಂದಿನ ಬಾಗಲಾಗ ಯಾಕ ಹೊಂಟಿ? ಕದ್ದು ಬಂದೀಯೇನು?' ಮಾಣಿಕಮ್ಮನ ದನಿ ಅಂಗಳ ದಾಟಿ ಬಂತು. ಮುಂಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ಅವರು ನಿಂತೇ ಇದ್ದರು. ಬೆಳಗಿನಿಂದ ಬಂದವರೆಲ್ಲ ಹಿರಿಸೊಸೆ ಎಲ್ಲಿ ಎಂದು ಕೇಳಿ, ಓಡಾಕ ಹೋಗ್ಯಾಳ ಎಂಬ ಉತ್ತರ ಕೇಳಿಯೇ ಒಳಗೆ ಹೋಗಿದ್ದರು. ಕೆಲವರಿಗೆ ಇದು ಎಂಥ ಉತ್ತರ ಎಂದು ಇನ್ನೂ ಅರ್ಥವಾಗಿರಲಿಲ್ಲ.

'ಪೂರಾ ಓಡಿದೇನು?'

'ಪೂರಾ ಓಡಿದೆ ಅತ್ತಿ.'

'ನಿನ್ನ ಹಿಂದ ಇನ್ನಾ ಯಾರರ ಇದ್ರೋ?'

'ಭಾಳ ಮಂದಿ ಇದ್ರು.'

'ಹಂಗಾದ್ರ ಛಲೋ ಆತು' ಎಂದು ಮಾಣಿಕಮ್ಮ ಸೊಸೆಗೆ ತಂಬಿಗೆ ಕೊಟ್ಟರು. 'ನೀರ ಕಾಯ್ಸೀನಿ, ಜಲ್ದಿ ಮೈ ತೊಳ್ಕೊಂಡು ಬಾ. ಭಂತೇಜಿ ಬಂದು ಕುಂತಾರ. ಹುಗ್ಗಿಗಿ ಬೆಲ್ಲ ಸಾಕೋ ಬೇಕೋ ನೀನೇ ನೋಡಬೇಕು, ನನ್ನ ನಾಲಿಗೀಗಿ ಈಗ ಏನೂ ತಿಳೀವಲ್ದು.'

ತ್ರಿಶರಣ, ಪಂಚಶೀಲ ಆಯಿತು. ಲುಂಬಿನಿ, ಸಂಘಪಾಲ ಬುದ್ಧನ ಮುಂದೆ ಮೇಣದ ಬತ್ತಿ ಹಚ್ಚಿದರು, ಉಂಗುರ ಬದಲಾಯಿಸಿದರು. ಭಂತೇಜಿಯವರ ಊಟ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗಲೇ ಮುಗಿಯಿತು. ಬಿಳಿ ಸೀರೆಯುಟ್ಟು ಬಡಿಸುತ್ತಿದ್ದ ಯಶೋಧರಾಳ ಕಾಲು ಕಂಬದಂತಾಗಿತ್ತು, ಬಗ್ಗಿದರೆ ಏಳಲಾಗುತ್ತಿರಲಿಲ್ಲ. ಸುಂದರಬಾಯಿ ಅದನ್ನು ಕಂಡು, 'ನೀವ ಕುಂದರ್ರಿ, ನಾ ಬಡಸ್ತೀನಿ' ಎಂದು ಹುಗ್ಗಿಯ ಸೌಟು ಕಸಿದುಕೊಂಡಳು. ಬೀಗತಿ ಬಡಿಸುವುದನ್ನು ನೋಡಿ ಅಮರನಾಥನ ಮುಖ ಬಾಡಿತು, ಆದರೆ ಸುಂದರಬಾಯಿ ಯಾರ ಮುಖವನ್ನೂ ನೋಡುವ ಗೋಜಿಗೆ ಹೋಗಲಿಲ್ಲ.

ಊಟವಾದ ಮೇಲೆ ಎರಡೂ ಮನೆಯವರು ನಡುಮನೆಯಲ್ಲಿ ಕೂತರು. ಬೀಗರು ಎದುರಿಗೇ ಇದ್ದಾರೆ, ಲಗ್ನಕ್ಕೂ ದಿನ ಹಿಡಿದುಬಿಡೋಣ ಎಂದಾಯಿತು. ಏಪ್ರಿಲ್ ಹದಿನಾಲ್ಕರ ಜಯಂತಿ ಮುಗಿದ ಮೇಲೆ, ಮೇ ಪೂರ್ಣಿಮೆಯೊಳಗೆ ಎಂಬುದು ಅಮರನಾಥನ ಮನಸ್ಸು. ಎರಡು ತಿಂಗಳ ಹಾಳೆ ಹಾಸಿದರು. ಲೋಡು ಬಂತು, ತರಬೇತಿ ಬಂತು, ಸಂಘಪಾಲನ ಬ್ಯಾಂಕಿನ ಆಡಿಟ್ ಬಂತು. ಮಾಣಿಕಮ್ಮ ಬಟ್ಟಲನ್ನು ಸೊಸೆಯ ಮುಂದೆ ಹಿಡಿದು ಏನೂ ಕೇಳದೆ ನೋಡಿದರು.

ಯಶೋಧರಾ ಒಂದು ಕಾಳು ತೆಗೆದು ಏಪ್ರಿಲಿನ ಕೊನೆಯ ಭಾನುವಾರದ ಮೇಲೆ ಇಟ್ಟಳು. 'ಸೇಡಂದಾಗ ಹತ್ತು ಕಿಲೋಮೀಟರ್ ಓಟ ಇಡ್ತಾರಂತ. ಆ ದಿನಾ ನನಗ ಆಗಂಗಿಲ್ಲ' ಅಂದಳು. ಅಂದಮೇಲೆ ಕಿವಿ ಬಿಸಿಯಾಯಿತು. ಯಾರೂ ನಗಲಿಲ್ಲ. ಅಮರನಾಥ ಆ ಕಾಳನ್ನು ಬೆರಳಿಂದ ನೇರ ಮಾಡಿ, 'ಆತು ವೈನಿ, ಅದು ಬ್ಯಾಡ. ಹಂಗಾದ್ರ ಮೇ ಮೊದಲ ಆಯಿತವಾರ ಖಾಲಿ ಅದ' ಅಂದ. ಅಷ್ಟೇ. ಮೂರು ವರ್ಷ ಗಂಟಲಲ್ಲಿ ಹಿಡಿದಿಟ್ಟದ್ದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಅಷ್ಟರಲ್ಲಿ ಚಹಾದ ತಟ್ಟೆ ಹಿಡಿದು ಲುಂಬಿನಿ ಬಂದಳು. ಎಲ್ಲರಿಗೂ ಕೊಟ್ಟಳು, ಒಳಗೆ ಹೋಗಲಿಲ್ಲ. ಕ್ಯಾಲೆಂಡರಿನ ಮೇಲೆ ಬಗ್ಗಿ ದೊಡ್ಡವ್ವ ಇಟ್ಟ ಕಾಳನ್ನು ನೋಡಿದಳು. ಆಮೇಲೆ ಖಾಲಿ ತಟ್ಟೆಯನ್ನು ನೆಲಕ್ಕಿಟ್ಟು ಬಟ್ಟಲಿಗೆ ಕೈ ಹಾಕಿದಳು. ಒಂದು ಹಿಡಿ ಕಾಳು. ಏಪ್ರಿಲ್ ಇಪ್ಪತ್ತರಿಂದ ಒಂದೊಂದಾಗಿ ಇಡುತ್ತ ಹೋದಳು. ಮೇ ಮೊದಲ ಭಾನುವಾರದ ಮೇಲೂ ಒಂದು ಇಟ್ಟಳು, ಹಾಗೇ ಮುಂದಕ್ಕೆ ಹೋಗಿ ಹಾಳೆಯ ಕೊನೆ ಮುಟ್ಟಿಸಿದಳು.

'ಏನಿದು?' ಅಂದ ಅಮರನಾಥ.

'ನನ್ನ ಬಿ.ಎಡ್. ಕಡೀ ಪರೀಕ್ಷಾ' ಅಂದಳು ಲುಂಬಿನಿ. 'ಓದಾಕ ದಿನಾ ಬೇಕು. ಜೂನ್ ಆದ್ರ ನನಗ ಆಗ್ತದ.'

ಸಂಘಪಾಲ ತನ್ನ ಕಪ್ಪು ಕೆಳಗಿಟ್ಟ. ಮಾಣಿಕಮ್ಮ ಮೊಮ್ಮಗಳನ್ನು ನೋಡಿದರು, ಬಟ್ಟಲು ನೋಡಿದರು, ಮತ್ತೆ ಮೊಮ್ಮಗಳನ್ನು ನೋಡಿದರು.

'ಇಷ್ಟ ದಿನಾ ಯಾಕ ಹೇಳಲಿಲ್ಲವ್ವಾ? ನಾ ಎಲ್ಲಾರನ್ನೂ ಕೇಳ್ತೀನಲ್ಲ. ಅವತ್ತೂ ಕೇಳಿದ್ನಲ್ಲ.'

'ನನ್ನ ಕೇಳಿಲ್ಲ ಆಯಿ. ಚಹಾ ತಾ ಅಂದಿದ್ದಿ.'

ಸುಲೇಪೇಟೆಯ ಬಸ್ಸಿನಲ್ಲಿ ಹಸಿರು ಬಳೆಯ ಸಂಗತಿ ಹೇಳುವಾಗ ಮಾಣಿಕಮ್ಮನಿಗೆ ಇದ್ದ ಮುಖವೇ ಈಗಲೂ ಇತ್ತು, ಈ ಸಲ ಸಿಟ್ಟು ಬಂದದ್ದು ತಮ್ಮ ಮೇಲೆ ಎಂಬುದು ಯಶೋಧರಾಳಿಗೆ ಸ್ಪಷ್ಟವಾಗಿ ತಿಳಿಯಿತು. ಅವಳು ಮೆಲ್ಲಗೆ ಅತ್ತೆಯ ಮೊಣಕೈ ಹಿಡಿದುಕೊಂಡಳು. ಮಾಣಿಕಮ್ಮ ಸಾವರಿಸಿಕೊಂಡು, ಪಕ್ಕಕ್ಕೆ ಸರಿದು, ಜಮಖಾನೆಯ ಮೇಲೆ ತಮ್ಮ ಮತ್ತು ಸೊಸೆಯ ನಡುವೆ ಜಾಗ ಮಾಡಿದರು.

'ಇಲ್ಲಿ ಕುಂದ್ರು' ಅಂದರು ಮೊಮ್ಮಗಳಿಗೆ. ಲುಂಬಿನಿ ಕೂತಳು. ಸುಂದರಬಾಯಿ ಕ್ಯಾಲೆಂಡರಿನ ಕಡೆ ಕೈ ಚಾಚಿ, 'ಜೂನಿನ ಹಾಳಿ ತಗೀರಿ, ನೋಡೂಣು' ಅಂದಳು.

ದಿನ ಹಿಡಿಯಲು ಇನ್ನೂ ಹೊತ್ತಾಗುತ್ತದೆ ಎಂದು ಎಲ್ಲರಿಗೂ ಗೊತ್ತಾಯಿತು. ಮಾಣಿಕಮ್ಮ ನೆಲದ ಮೇಲಿದ್ದ ಖಾಲಿ ತಟ್ಟೆಯನ್ನೆತ್ತಿ ಮಗನ ಕೈಗೆ ಕೊಟ್ಟು, 'ಅಮರನಾಥಾ, ಇನ್ನೊಂದ ಸರ್ತಿ ಚಹಾ ಮಾಡ್ಕೊಂಡ ಬಾ ಹೋಗು' ಅಂದರು. ಅಮರನಾಥ ಎದ್ದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ, ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಅವನು ಕೇಳುವುದು ಕೇಳಿಸಿತು.